ಸಂತೆ ಕಪ್ಪಾದ ಕಾಲ

ಶನಿವಾರ ಕುಂದಾಪುರದಲ್ಲಿ ಸಂತೆ, ಸೋಮವಾರ ಬ್ರಹ್ಮಾವರದಲ್ಲಿ. ಗೋಣಿ ಹಾಸಿ ಬಸಳೆ, ಸೌತೆ, ಒಣಮೀನು ರಾಶಿ ಹಾಕಿ ಕೂತವರ ನಡುವೆ ನಡೆದುಹೋದರೆ ಸಂತೆಯ ಮುಖ್ಯ ಗುಣ ಕಣ್ಣಿಗೆ ಬೀಳುತ್ತದೆ. ಮಾಲು, ತಕ್ಕಡಿ, ಚೌಕಾಸಿ ಯಾವುದಕ್ಕೂ ಇಲ್ಲಿ ಮರೆಯಿಲ್ಲ. ಇಷ್ಟು ಬಯಲಿನ ಪದಕ್ಕೆ 'ಕಾಳ' ಬಂದು ಅಂಟಿ 'ಕಾಳಸಂತೆ' ಆದದ್ದು ಹೇಗೆ?

'ಸಂತೆ' ಸಂಸ್ಕೃತದ 'ಸಂಸ್ಥಾ' ಶಬ್ದದ ತದ್ಭವವೆನ್ನುತ್ತಾರೆ ನಿಘಂಟುಕಾರರು. ಕೂಡಿ ನಿಲ್ಲುವುದು, ನೆಲೆಗೊಂಡ ಏರ್ಪಾಡು ಎಂಬುದು ಮೂಲಾರ್ಥ. ಹಾಗೆ ನೋಡಿದರೆ ಸಂತೆಯೂ ಸಂಸ್ಥೆಯೂ ಒಂದೇ ಬಳ್ಳಿಯ ಕಾಯಿಗಳು. 12ನೆಯ ಶತಮಾನದ ಅಕ್ಕಮಹಾದೇವಿಯ ವಚನದಲ್ಲಿ ಸಂತೆ ಬರುತ್ತದೆ. ಬಾರಕೂರಿನ ಹತ್ತು ಕೇರಿಗಳು, ಬಸರೂರಿನ ಮೂಡುಕೇರಿ, ಪಡುವಕೇರಿ, ಶಾಸನಗಳಲ್ಲಿ ಕಾಣುವ ನಖರ, ಹಂಜಮಾನಗಳೆಂಬ ವರ್ತಕ ಸಂಘಗಳು ಹೇಳುವುದೂ ಅದನ್ನೇ: ನಮ್ಮ ಸೀಮೆಯಲ್ಲಿ ವ್ಯಾಪಾರವೆಂದರೆ ಕಟ್ಟುಪಾಡುಳ್ಳ ಕೂಟವಾಗಿತ್ತು.

ಇನ್ನು 'ಕಾಳ'. ಕಾಳಮೇಘ, ಕಾಳಸರ್ಪಗಳಲ್ಲಿರುವ ಕಪ್ಪು ಇದು, ಸಂಸ್ಕೃತದ 'ಕಾಲ'ದಿಂದ ಬಂದದ್ದು. ಅಕ್ಕಿಯ ಕಳ್ಳ ವ್ಯಾಪಾರದ ನೆನಪಿರುವವರಿಗೆ 'ಕಾಳು' ಎಂಬ ಪದ ಕಿವಿಗೆ ತಾಗಬಹುದು. ಹಾಗಿದ್ದರೆ ಅದು 'ಕಾಳುಸಂತೆ' ಆಗಬೇಕಿತ್ತು. ಬಯಲಾಟ ನೋಡಿ ಬೆಳೆದ ನಮಗೆ 'ಬಬ್ರುವಾಹನ ಕಾಳಗ', 'ತಾಮ್ರಧ್ವಜ ಕಾಳಗ'ಗಳೂ ನೆನಪಾಗುತ್ತವೆ. ಕಾಳಗಕ್ಕೂ ಈ ಪದಕ್ಕೂ ಧಾತುವಿನ ನಂಟಿಲ್ಲ. ಆದರೆ ಕಾಳಸಂತೆ ನಮ್ಮ ಮನೆಮಾತಾದದ್ದು ಒಂದು ಮಹಾಕಾಳಗದ ದಿನಗಳಲ್ಲೇ.

1939ರಲ್ಲಿ ಎರಡನೆಯ ಮಹಾಯುದ್ಧ ಶುರುವಾಯಿತು. 1942ರ ಮಾರ್ಚಿನಲ್ಲಿ ರಂಗೂನು ಜಪಾನಿನ ವಶವಾಗಿ ಬರ್ಮಾ ಅಕ್ಕಿ ನಿಂತಿತು. ಭಾರತ ರಕ್ಷಣಾ ನಿಯಮಗಳ ಬಲದಿಂದ ಸರಕಾರ ಬೆಲೆ ಕಟ್ಟಿತು, ಸಾಗಾಟಕ್ಕೆ ಪರ್ಮಿಟ್ ಬೇಕೆಂದಿತು. ಹೀಗೆ ಊರಿಗೆ ಬಂದ ಪದ 'ಕಂಟ್ರೋಲ್'. ಅಕ್ಕಿ, ಸೀಮೆಎಣ್ಣೆ, ಬಟ್ಟೆ ಎಲ್ಲದರ ಹಿಂದೆಯೂ ಅದು ಸೇರಿತು. ಅದರ ಬೆನ್ನಿಗೇ ಇಂಗ್ಲಿಷಿನ ಬ್ಲ್ಯಾಕ್ ಮಾರ್ಕೆಟ್ ಬಂತು. ತಮಿಳರು ಅದನ್ನು 'ಕಳ್ಳಚ್ಚಂದೈ' ಮಾಡಿಕೊಂಡು ಕಳ್ಳನನ್ನು ಹೆಸರಿಸಿದರು. ಮಲಯಾಳಿಗಳು 'ಕರಿಂಚಂತ' ಎಂದರು. ನಾವು 'ಕಾಳಸಂತೆ' ಎಂದೆವು.

ಆಗಿನ ಕುಂದಾಪುರ ತಾಲೂಕಿನ ನಕ್ಷೆ ನೋಡಿ. ಇಂದಿನ ಬೈಂದೂರೂ ಅದರಲ್ಲೇ ಇತ್ತು. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತ್ಯಕ್ಕೆ ಹೋದಾಗ ಈ ತಾಲೂಕು ಮಾತ್ರ ಮದ್ರಾಸಿನಲ್ಲೇ ಉಳಿದಿತ್ತು. ಶಿರೂರು ದಾಟಿದರೆ ಮುಂಬಯಿ, ಕೊಲ್ಲೂರು ಘಾಟಿ ಹತ್ತಿದರೆ ಮೈಸೂರು ಸಂಸ್ಥಾನ. ಬೈಹುಲ್ಲಿನ ಹಗ್ಗ ಬಿಗಿದು, ಬಡಿದು ಗುಂಡಗೆ ಕಟ್ಟಿದ 42 ಸೇರಿನ ಅಕ್ಕಿಮುಡಿಯೊಂದು ಅಷ್ಟು ದೂರ ಉರುಳಿದರೆ ಮತ್ತೊಂದು ಸರಕಾರದ ಕೈಗೆ ಸೇರುತ್ತಿತ್ತು. ಗಡಿಯಲ್ಲಿ ಮುಡಿಯ ಜೊತೆಗಿರಬೇಕಾದ ಕಾಗದದ ಚೂರಿಗೆ ಅಕ್ಕಿಗಿಂತ ಹೆಚ್ಚು ಬೆಲೆ ಬರುವುದು ಇಂಥಲ್ಲೇ.

ಕಾಳಸಂತೆಯ ಗುಟ್ಟಿರುವುದು ಇಲ್ಲಿ. ಕಟ್ಟಿದ ಬೆಲೆಯಿಲ್ಲದೆ ಕಳ್ಳಬೆಲೆಯಿಲ್ಲ. ಗೋದಾಮು, ಗಿರಣಿ, ದೋಣಿ ಎಲ್ಲ ದೊಡ್ಡ ವರ್ತಕರ ಕೈಯಲ್ಲಿದ್ದವು. ಧಾನ್ಯ ಕೂಡಿಸಲು ಸರಕಾರಕ್ಕೆ ಅವರೇ ಬೇಕು, ಲೈಸೆನ್ಸಿಗಾಗಿ ಅವರಿಗೆ ಸರಕಾರ ಬೇಕು. 1943ರಲ್ಲಿ ದಾಸ್ತಾನು ಮತ್ತು ಅತಿಲಾಭ ತಡೆಯುವ ಸುಗ್ರೀವಾಜ್ಞೆ ಬಂತು. ಅದೇ ವರ್ಷ ಬಂಗಾಳ ಹಸಿವಿನಿಂದ ಸತ್ತಿತು. 1945ರ ಕ್ಷಾಮ ವಿಚಾರಣಾ ಆಯೋಗದ ಅಂದಾಜಿನಂತೆ ಸತ್ತವರು 15 ಲಕ್ಷ, ಅಕ್ಕಿಯಲ್ಲಿ ಬಂದ ಅತಿಲಾಭ 150 ಕೋಟಿ ರೂಪಾಯಿ. ತಲಾ ಒಂದು ಸಾವಿಗೆ ಒಂದು ಸಾವಿರ ರೂಪಾಯಿ. ಸರಕಾರಕ್ಕೆ ಇಂಥವರ ನೆರವು ಬೇಕಾದದ್ದು ನಮ್ಮಲ್ಲಿ ಮಾತ್ರವಲ್ಲ: ದೂರದ ನ್ಯೂಯಾರ್ಕಿನಲ್ಲಿ ಅಮೆರಿಕದ ನೌಕಾಪಡೆ ಬಂದರಿನ ಕಾವಲಿಗೆ ಜೈಲಿನಲ್ಲಿದ್ದ ಮಾಫಿಯಾ ನಾಯಕ ಲಕ್ಕಿ ಲೂಸಿಯಾನೋನ ನೆರವು ಪಡೆದದ್ದೂ ಇದೇ ಯುದ್ಧದಲ್ಲಿ. 1946ರಲ್ಲಿ ಅವನಿಗೆ ಬಿಡುಗಡೆ, ಗಡೀಪಾರು ಎರಡೂ ಸಿಕ್ಕವು.

ತಮಿಳಿನ ಪದ ಕಳ್ಳನತ್ತ ಬೆರಳು ತೋರುತ್ತದೆ. ನಮ್ಮದರಲ್ಲಿ ಕಳ್ಳನಿಲ್ಲ, ಸಂಸ್ಥೆಯಷ್ಟೇ ಉಳಿದುಕೊಂಡಿದೆ. ಒಬ್ಬ ಕಳ್ಳನಿಂದ ಸಂತೆ ಕೂಡುವುದಿಲ್ಲ. ಕೊಡುವವ, ಕೊಳ್ಳುವವ, ಸಾಗಿಸುವವ, ಸಹಿ ಹಾಕುವವ, ಕಣ್ಣು ಮುಚ್ಚುವವ ಎಲ್ಲರೂ ಸೇರಿದರೇ ಸಂತೆ.

ಯುದ್ಧ ಮುಗಿಯಿತು, ಪದ ಮುಗಿಯಲಿಲ್ಲ. ರೇಷನ್ನಿಗೆ ಕನ್ನಡ ಹುಡುಕಿದವರು ದೇವಸ್ಥಾನದ ಮಾತನ್ನು ತಂದರು: ದೇವರ ನಿತ್ಯದ ಅಕ್ಕಿಗಿದ್ದ ಹೆಸರು 'ಪಡಿತರ'. ಬಡವರ ಅನ್ನಕ್ಕೆ ಇದಕ್ಕಿಂತ ಗೌರವದ ಹೆಸರು ಸಿಗಲಾರದು. ಅದಕ್ಕೇ 'ಪಡಿತರ ಅಕ್ಕಿ ಕಾಳಸಂತೆಗೆ' ಎಂಬ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಆ ಸುದ್ದಿಯಲ್ಲಿ ಸಾಮಾನ್ಯವಾಗಿ ಇರುವುದು ಸಿಕ್ಕಿಬಿದ್ದ ಲಾರಿ, ಚಾಲಕನ ಹೆಸರು. ಸಂತೆಯಲ್ಲಿ ಉಳಿದವರು ಯಾರು ಎಂದು ಕೇಳಬೇಕೆಂಬುದನ್ನು ಆ ಪದವೇ ನಮಗೆ ಹೇಳಿಕೊಡುತ್ತಿದೆ.