ರೈತ ಮಹಿಳೆಯರ ಲೆಕ್ಕಪತ್ರ ತರಬೇತಿ

ಬೇಸಾಯ, ಹೈನುಗಾರಿಕೆ ಹಾಗೂ ಸಂಘದ ಹಣದ ಲೆಕ್ಕವನ್ನು ಗ್ರಾಮೀಣ ಮಹಿಳೆಯರೇ ಬರೆದಿಡುವಂತೆ ಕಲಿಸುವ ಶಿಕ್ಷಣ. ಕರ್ನಾಟಕದಲ್ಲಿ ಇದು ಬೆಳೆದದ್ದು ಸ್ವಸಹಾಯ ಸಂಘಗಳ ಮೂಲಕ. 1968ರಲ್ಲಿ ಆರಂಭವಾದ, ಬೆಂಗಳೂರಿನ ಮೈರಾಡ ಸಂಸ್ಥೆ 1980ರ ದಶಕದಲ್ಲಿ ಸಣ್ಣ ಉಳಿತಾಯ ಗುಂಪುಗಳನ್ನು ಕಟ್ಟಿತು. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ಆದ ನಬಾರ್ಡ್ 500 ಸಂಘಗಳನ್ನು ಬ್ಯಾಂಕಿಗೆ ಜೋಡಿಸುವ ಪ್ರಯೋಗ ಕೈಗೊಂಡಿತು. ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000–01ರಲ್ಲಿ. ಇಂಥ ಸಂಘಗಳಿಗೂ ಸಾಲ ಕೊಡುವ ಸಹಕಾರಿ ವ್ಯವಸ್ಥೆಯ ಮೇಲ್ತುದಿಯಲ್ಲಿರುವ, 1915ರಲ್ಲಿ ಸ್ಥಾಪನೆಯಾದ ಅಪೆಕ್ಸ್ ಬ್ಯಾಂಕಿನ ಕೇಂದ್ರ ಕಚೇರಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿದೆ. ಅದರ ಕೆಳಗೆ ಜಿಲ್ಲಾ ಕೇಂದ್ರ ಸಹಕಾರಿ (ಡಿಸಿಸಿ) ಬ್ಯಾಂಕುಗಳೂ ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಂಘಗಳೂ ಇವೆ.

ಸ್ವಸಹಾಯ ಸಂಘದಲ್ಲಿ ನಡಾವಳಿ ಪುಸ್ತಕ, ನಗದು ಪುಸ್ತಕ, ಉಳಿತಾಯ ಮತ್ತು ಸಾಲದ ಖಾತೆಗಳು, ಸದಸ್ಯರ ಪಾಸ್ ಪುಸ್ತಕ ಇರುತ್ತವೆ. ವಾರದ ಸಭೆಯಲ್ಲಿ ಹಣವನ್ನು ಎಲ್ಲರೆದುರು ಎಣಿಸಿ, ಬರೆದದ್ದನ್ನು ಗಟ್ಟಿಯಾಗಿ ಓದುವುದು ರೂಢಿ. ಓದು ಬಾರದವರಿಗೂ ಲೆಕ್ಕ ತಿಳಿಯುವುದು ಈ ಓದಿನಿಂದಲೇ. ಆದ್ದರಿಂದ ತರಬೇತಿಯ ಜೀವಾಳ ಇದೇ ಎನ್ನಬೇಕು.

ಮನೆಯ ಬೇಸಾಯದ ಲೆಕ್ಕ ಇನ್ನೂ ಕಷ್ಟದ್ದು. ಡೇರಿಯಿಂದ ಬಂದ ಹಾಲಿನ ಹಣ ಜಮಾ, ಹಿಂಡಿ–ಬೂಸಾ ಖರ್ಚು. ಇಷ್ಟನ್ನು ಯಾರಾದರೂ ಬರೆಯುತ್ತಾರೆ. ಮನೆಗೆ ಉಳಿಸಿಕೊಂಡ ಹಾಲು, ಊಟಕ್ಕೆ ಇಟ್ಟ ರಾಗಿ, ಕಳೆ ಕಿತ್ತ ಹೆಂಗಸಿನ ದುಡಿಮೆಯ ದಿನಗಳು ಮಾತ್ರ ಬಿಟ್ಟುಹೋಗುತ್ತವೆ. ಅವನ್ನೂ ಊರಿನ ಕೂಲಿ ದರ, ಸಂತೆಯ ಬೆಲೆಯಲ್ಲಿ ಬರೆದರೆ ಮಾತ್ರ ಬೆಳೆಯ ನಿಜವಾದ ಲಾಭ–ನಷ್ಟ ಕಾಣುತ್ತದೆ.

ಈಗ ರಾಜ್ಯದ ಗ್ರಾಮೀಣ ಜೀವನೋಪಾಯ ಯೋಜನೆಯಾದ ಸಂಜೀವಿನಿಯ ಸ್ವಸಹಾಯ ಸಂಘಗಳ ಒಕ್ಕೂಟಗಳಲ್ಲಿ ಲೆಕ್ಕ ಬರೆಯಲು ಮುಖ್ಯ ಪುಸ್ತಕ ಬರಹಗಾರರಿದ್ದಾರೆ.