ರಿಮೋಟ್ ಮಾದರಿ ಟ್ಯಾಂಕ್

ಯುದ್ಧಟ್ಯಾಂಕನ್ನು ಕಿರಿದಾಗಿಸಿ ಕಟ್ಟಿ, ರೇಡಿಯೋ ರಿಮೋಟಿನಿಂದ ಓಡಿಸುವ ಹವ್ಯಾಸದ ವಾಹನ. ಎದುರಾಳಿಯ ಮಾದರಿಗೆ ಗುರಿಯಿಟ್ಟು ಹೊಡೆಯುವ ಅಣಕು ಕಾಳಗವೇ ಇದರ ಮುಖ್ಯ ಸೆಳೆತ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹೊಸಬರು 1:16 ಅಳತೆಯಲ್ಲಿ, ಅತಿಗೆಂಪು ಕಿರಣದ ಹೊಡೆತದಿಂದ ಆರಂಭಿಸುವುದೇ ಸರಿ. ಕಾರಣ ಸರಳ ಲೆಕ್ಕದಲ್ಲಿದೆ. ಅದೇ ಟ್ಯಾಂಕನ್ನು 1:6 ಅಳತೆಯಲ್ಲಿ ಕಟ್ಟಿದರೆ ಉದ್ದ ಮೂರು ಪಟ್ಟೂ ಆಗುವುದಿಲ್ಲ, ಗಾತ್ರ ಮಾತ್ರ ಸುಮಾರು 19 ಪಟ್ಟಾಗುತ್ತದೆ. ಗಾತ್ರದೊಂದಿಗೆ ಏರುವ ಭಾರವೆಲ್ಲ ಮೋಟಾರು, ಗೇರು, ಬ್ಯಾಟರಿಯ ಮೇಲೆ ಬೀಳುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಕಲ್ಲುಗಣಿಗಳಲ್ಲಿ ಅಗೆಯುವ ಹಿಟಾಚಿ ಯಂತ್ರದಂತೆ ಟ್ಯಾಂಕೂ ತಿರುಗುವುದು ಎರಡು ಬದಿಯ ಚೈನುಗಳ ವೇಗದ ವ್ಯತ್ಯಾಸದಿಂದ. ಹಾಗಾಗಿ ಚೈನಿಗೊಂದು ಮೋಟಾರು, ಮೋಟಾರಿಗೊಂದು ವೇಗ ನಿಯಂತ್ರಕ ಬೇಕು. ನೇರ ಓಟಕ್ಕಿಂತ ತಿರುವಿನಲ್ಲೇ ಬ್ಯಾಟರಿ ಬೇಗ ಸೋಲುತ್ತದೆ. ಬಿಡಿಭಾಗಗಳಿಗೆ ಬೆಂಗಳೂರಿನ ಎಸ್.ಪಿ. ರಸ್ತೆ ಹತ್ತಿರದ ಮಾರುಕಟ್ಟೆ.

ಕಿರಣಕ್ಕೆ ಪ್ಲಾಸ್ಟಿಕ್ ಗುಂಡು ಹಾರಿಸುವ ಗತ್ತಿಲ್ಲ ಎಂಬ ಆಕ್ಷೇಪವಿದೆ. ಆದರೆ ಪ್ಲಾಸ್ಟಿಕ್ ಗುಂಡು ಕಣ್ಣನ್ನೇ ಕಳೆಯಬಲ್ಲದು, ಮುಂದೆ ಬಂದು ನಿಂತು ನೋಡುವವರು ಮಕ್ಕಳು. ಜಪಾನಿನ ಟಮಿಯಾ ಬಳಕೆಗೆ ತಂದಂಥ ಅತಿಗೆಂಪು ವ್ಯವಸ್ಥೆಯಲ್ಲಿ ಏಟು ಬಿದ್ದಷ್ಟೂ ಟ್ಯಾಂಕು ನಿಧಾನವಾಗಿ ಕೊನೆಗೆ ನಿಲ್ಲುತ್ತದೆ. ಸೋಲು ಗೆಲುವಿಗೆ ವಾದವೇ ಬೇಡ. ಬಯಲುಸೀಮೆಯ ಬಿಸಿಲಿಗೆ ಕಿರಣ ಮಂಕಾಗುತ್ತದೆ ಎಂಬ ಇನ್ನೊಂದು ಆಕ್ಷೇಪ ನಿಜವೇ. ಅದಕ್ಕೆ ಸಂಜೆಯ ಹೊತ್ತು ಅಥವಾ ಶಾಲೆಯ ಸಭಾಂಗಣ ಸಾಕು. ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಮಾತ್ರ ಕಾವಲಿಲ್ಲದೆ ಚಾರ್ಜಿಗೆ ಹಾಕಬೇಡಿ.