ಸಾರೆಲ್ ಅಂದರೆ ಯಾವ ಸೊಪ್ಪು?

ವಿಜಯವಾಡಕ್ಕೆ ವರ್ಗವಾಗಿ ಬಂದ ಹೊಸತರಲ್ಲಿ ನಮ್ಮ ತಂದೆಯವರಿಗೆ ಮೂತ್ರಪಿಂಡದಲ್ಲಿ ಕಲ್ಲು ಕಾಣಿಸಿತು. ಡಾಕ್ಟರು ಕೊಟ್ಟ ಪಥ್ಯದ ಚೀಟಿ ಇಂಗ್ಲಿಷಿನಲ್ಲಿತ್ತು. ಬಿಡಬೇಕಾದ ಸೊಪ್ಪುಗಳಲ್ಲಿ ‘ಸಾರೆಲ್’ ಒಂದು. ಹುಳಿ ಸೊಪ್ಪು ಎಂದಿತು ನಿಘಂಟು. ಧಾರವಾಡದವರಾದ ನಮಗೆ ಹುಳಿ ಸೊಪ್ಪೆಂದರೆ ಪುಂಡಿ ಪಲ್ಲೆ, ಇಲ್ಲಿಯವರ ಗೋಂಗೂರ. ಅಂದಿನಿಂದ ಅದು ಬಂದ್. ಬದಲಿಗೆ ಚುಕ್ಕಕೂರ ತಂದು ಬೇಳೆಗೆ ಹಾಕತೊಡಗಿದೆವು. ಊರು ಬಿಟ್ಟು ಬಂದ ಹಿರಿಯರಿಗೆ ಜೋಳದ ನುಚ್ಚಿನ ಜೊತೆಗಿನ ಪುಂಡಿಯನ್ನೂ ತಪ್ಪಿಸಿದ್ದೆ.

ಅನುಮಾನ ಬಂದದ್ದು ಅವ್ವನಿಗೆ. “ಪುಂಡಿಗೆ ನಾರು ಇರತೈತಿ. ಈ ಚುಕ್ಕಾ ಪಲ್ಲೆಗೆ ಎಲ್ಲಿ ನಾರು? ಎರಡಕ್ಕೂ ಒಂದ ಹೆಸರು ಹೆಂಗಪಾ?”

ನಾರಿನ ಉತ್ತರ ಸಿಕ್ಕಿದ್ದು ಮುಂದೆ ವಿಶಾಖಪಟ್ಟಣಕ್ಕೆ ಹೋದಾಗ. ಹತ್ತಿರದ ಭೀಮುನಿಪಟ್ಟಣ 17ನೇ ಶತಮಾನದಲ್ಲಿ ಡಚ್ಚರು ನೆಲೆಯೂರಿ, 1825ರಲ್ಲಿ ಇಂಗ್ಲಿಷರಿಗೆ ಬಿಟ್ಟುಕೊಟ್ಟ ಬಂದರು. ಡಚ್ಚರ ಗೋರಿಗಳು ಇನ್ನೂ ಇವೆ. ಇಲ್ಲಿಂದ ಹಡಗೇರುತ್ತಿದ್ದ ಪುಂಡಿ ನಾರಿಗೆ ವ್ಯಾಪಾರಿಗಳು ಊರಿನ ಹೆಸರನ್ನೇ ಇಟ್ಟು ‘ಬಿಮ್ಲಿ ಜ್ಯೂಟ್’ ಎಂದರು. ನಮ್ಮ ರೈತರು ಹಗ್ಗ ಹೊಸೆಯುತ್ತಿದ್ದ ಅದೇ ನಾರು! ಗೋಂಗೂರವೆಂದು ಮಾರುವುದು ದಾಸವಾಳದ ಕುಲದ ಎರಡು ಗಿಡಗಳ ಎಲೆಯನ್ನು. ಆಳೆತ್ತರ ಬೆಳೆದು ಬೆಂಡೆಯಂಥ ಹೂ ಬಿಡುತ್ತವೆ. ಎಣ್ಣೆಯಲ್ಲಿ ಬಾಡಿಸಿ ಪಚ್ಚಡಿ ಮಾಡಿಟ್ಟರೆ ತಿಂಗಳುಗಟ್ಟಲೆ ಇರುತ್ತದೆ. ಚುಕ್ಕಕೂರವೋ ಮೊಳಕಾಲೆತ್ತರದ ಮೆತ್ತನೆ ಗಿಡ, ಬಿಸಿ ತಾಗಿದರೆ ಕರಗಿಹೋಗುತ್ತದೆ. ಅದು ಯುರೋಪಿನ ‘ಡಾಕ್’ ಗಿಡಗಳ ಕುಲ, ರೂಮೆಕ್ಸ್. ಲಿನೇಯಸ್ 1753ರಲ್ಲೇ ಒಂದೇ ಪುಸ್ತಕದಲ್ಲಿ ಎರಡನ್ನೂ ಬೇರೆ ಬೇರೆ ಕುಲಗಳಿಗೆ ಸೇರಿಸಿದ್ದ.

ಗೊಂದಲ ಮಾಡಿದ್ದು ಆಡುಮಾತು. ‘ಸಾರೆಲ್’ ಹುಳಿ ಎಂಬರ್ಥದ ಹಳೆಯ ಫ್ರೆಂಚ್ ಮಾತಿನಿಂದ ಬಂದದ್ದು. ಮೊದಲಿಗೆ ಅದು ಅವರ ಹಿತ್ತಲಿನ ರೂಮೆಕ್ಸ್‌ಗೇ ಹೆಸರು. ಇಂಗ್ಲಿಷ್ ಮಾತಾಡುವವರು ದೂರದ ಜಮೈಕಾದಲ್ಲಿ ದಾಸವಾಳದ ಕುಲದ ಹುಳಿ ಗಿಡಕ್ಕೂ ಅದನ್ನೇ ಅಂಟಿಸಿದರು. ಪರಊರಿನಲ್ಲಿ ಮನೆಯ ಹೆಸರು ಹುಡುಕುವ ಚಟ, ನನಗೂ ಇದೆ.

ವಿಶಾಖಪಟ್ಟಣದ ಡಾಕ್ಟರಿಗೆ ಎರಡೂ ಕಟ್ಟು ಒಯ್ದು ತೋರಿಸಿದೆ. ಅವರು ನಕ್ಕು ಮೊದಲು ಬದಿಗಿಟ್ಟದ್ದು ಚುಕ್ಕಕೂರವನ್ನು; ಕಲ್ಲು ಕಟ್ಟಿಸುವ ಆಕ್ಸಾಲಿಕ್ ಆಮ್ಲಕ್ಕೆ ರೂಮೆಕ್ಸ್ ಹೆಸರುವಾಸಿಯಂತೆ. ನಾವು ತಿಂಗಳುಗಟ್ಟಲೆ ಬಡಿಸಿದ್ದು ಅದನ್ನೇ. ಗೋಂಗೂರದಲ್ಲೂ ಆ ಆಮ್ಲ ಇಲ್ಲದಿಲ್ಲ, ಅಪರೂಪಕ್ಕೆ ಒಂದು ಚಮಚ ಸಾಕು ಎಂದರು.

ಆ ರಾತ್ರಿ ಅವ್ವ ನುಚ್ಚು ಮಾಡಿದಳು. ಅಪ್ಪ ಆ ಒಂದು ಚಮಚ ಪುಂಡಿಯನ್ನು ಊಟ ಮುಗಿಯುವತನಕ ಒಪ್ಪವಾಗಿ ಎಳೆದರು.